ಪುರಸಭೆಗೆ ಕಟ್ಟುವ ಮನೆ ತೆರಿಗೆ ಎಲ್ಲಿಗೆ ಹೋಗುತ್ತದೆ? ಬಜೆಟ್ ಪುಸ್ತಕ ಓದಲು ಗೊತ್ತಿರುವವರು ಬನ್ನಿ

ಕೋಟೆಬೀದಿ:

ನಮ್ಮದು 23 ವಾರ್ಡಿನ ಪುರಸಭೆ. ಈ ವರ್ಷದ ಆಯವ್ಯಯ ಪುಸ್ತಕದ ಪ್ರತಿ ಕೇಳಿದೆ, ತಕರಾರಿಲ್ಲದೆ ಕೊಟ್ಟರು. ಓದಲು ಕೂತರೆ ಮಾತ್ರ ಅರ್ಧದಷ್ಟು ಅರ್ಥವಾಗುತ್ತಿಲ್ಲ.

ಇಲ್ಲಿವರೆಗೆ ತಿಳಿದದ್ದು ಇಷ್ಟು. ಆದಾಯ ಎರಡು ಬಗೆ. ಒಂದು ಊರಿನಿಂದಲೇ ಬರುವುದು: ಆಸ್ತಿ ತೆರಿಗೆ, ನೀರಿನ ಕರ, ಪುರಸಭೆ ಮಳಿಗೆಗಳ ಬಾಡಿಗೆ, ಉದ್ದಿಮೆ ಪರವಾನಗಿ, ಖಾತೆ ಬದಲಾವಣೆ ಶುಲ್ಕ, ಸಂತೆ ಸುಂಕದ ಹರಾಜು. ಇನ್ನೊಂದು ಮೇಲಿನಿಂದ ಬರುವುದು: ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಅನುದಾನ, ಕೇಂದ್ರ ಹಣಕಾಸು ಆಯೋಗದ ಅನುದಾನ, ಯೋಜನೆವಾರು ದುಡ್ಡು. ಎರಡನೆಯದೇ ದೊಡ್ಡದು. ಅದರ ಮುಂದೆ ಊರಿನ ಜನ ಕಟ್ಟುವುದು ಸಣ್ಣ ಮೊತ್ತ.

ಸಣ್ಣದಾದರೂ ಅದು ನಮ್ಮದು, ಅಲ್ವಾ? ನಮ್ಮ ಬೀದಿಯ ಚರಂಡಿ ಹೂಳು ತೆಗೆಸಿ ಅಂತ ಹೋದರೆ "ಅನುದಾನ ಬಂದಿಲ್ಲ" ಅನ್ನುತ್ತಾರೆ. ಹೂಳು ತೆಗೆಯುವುದಕ್ಕೂ ಬೆಂಗಳೂರಿನಿಂದ ಅನುದಾನ ಬರಬೇಕಾ? ನಾವು ಕಟ್ಟಿದ ದುಡ್ಡು ಯಾವ ಕೆಲಸಕ್ಕೆ ಹೋಯಿತು ಅಂತ ಪುಸ್ತಕದಲ್ಲಿ ಹುಡುಕಿದೆ. ಎಲ್ಲವೂ ಒಟ್ಟಿಗೆ ಸೇರಿಕೊಂಡಿದೆ, ಬೇರೆ ಮಾಡಿ ನೋಡಲು ಆಗುತ್ತಿಲ್ಲ.

ಎರಡು ಪ್ರಶ್ನೆ. ತೆರಿಗೆ ಲೆಕ್ಕ ಹಾಕುವುದು ಹೇಗೆ? ಆ ದುಡ್ಡಿನ ಖರ್ಚನ್ನು ಯಾರು ತೀರ್ಮಾನಿಸುತ್ತಾರೆ? ಒಳಗಿದ್ದು ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ.

ಅಂಗಡಿಸಾಲು:

ಹೂಳಿನ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಾನು ಬೇರೆ ಊರಿನವನು, ಕಥೆ ಒಂದೇ. ನನ್ನದು ಮುಖ್ಯ ಬೀದಿಯಲ್ಲಿ ಪಾತ್ರೆ ಅಂಗಡಿ. ವಾಣಿಜ್ಯ ಕಟ್ಟಡ ಅಂತ ಮನೆಗಿಂತ ಜಾಸ್ತಿ ತೆರಿಗೆ. ಅದರ ಮೇಲೆ ಉದ್ದಿಮೆ ಪರವಾನಗಿ ಶುಲ್ಕ, ಬೋರ್ಡು ಹಾಕಿದರೆ ಜಾಹೀರಾತು ಶುಲ್ಕ. ಆದರೆ ಇಡೀ ಮಾರ್ಕೆಟ್ಟಿನಲ್ಲಿ ಹೆಣ್ಣುಮಕ್ಕಳು ಹೋಗುವಂಥ ಒಂದು ಶೌಚಾಲಯ ಇಲ್ಲ. ಹಳ್ಳಿಯಿಂದ ಮದುವೆ ಸಾಮಾನು ತಗೊಳ್ಳಲು ಬರುವ ಹೆಂಗಸರು ಬೆಳಗ್ಗೆಯಿಂದ ನೀರು ಕುಡಿಯದೆ ಬರುತ್ತಾರೆ. ಇದನ್ನು ದಿನಾ ನೋಡುವವನಿಗೆ ತೆರಿಗೆ ಕಟ್ಟಲು ಮನಸ್ಸು ಬರುವುದು ಹೇಗೆ?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕೆಲಸ ಕಾಣುವವರೆಗೆ ಕಟ್ಟಬಾರದು. ಅಂಗಡಿಯವರೆಲ್ಲ ಒಟ್ಟಾಗಿ ನಿಲ್ಲಿಸಿದರೆ ಆಗ ಬಂದು ಮಾತಾಡುತ್ತಾರೆ.

ನಿವೃತ್ತ ಕಂದಾಯ ನಿರೀಕ್ಷಕ:

ಕೋಟೆಬೀದಿಯವರೇ, ಒಳ್ಳೆಯ ಪ್ರಶ್ನೆ. ನಾನು ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ಮೂರರಲ್ಲೂ ಕಂದಾಯ ಶಾಖೆಯಲ್ಲಿ ಕೆಲಸ ಮಾಡಿದವನು. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮೊದಲು ಲೆಕ್ಕ. ಬೆಂಗಳೂರು ಬಿಟ್ಟು ಉಳಿದ ಊರುಗಳಲ್ಲಿ ಬಂಡವಾಳ ಮೌಲ್ಯದ ಪದ್ಧತಿ ಇದೆ. ಮುದ್ರಾಂಕ ಕಾಯ್ದೆಯ 45-ಬಿ ಕಲಮಿನಡಿ ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರ (ಆಸ್ತಿಗೆ ಸರ್ಕಾರ ಗೊತ್ತುಮಾಡಿದ ಬೆಲೆ) ಇರುತ್ತದಲ್ಲ, ಅದೇ ಬುಡ. ನಿವೇಶನದ ಬೆಲೆ, ಕಟ್ಟಡದ ಬೆಲೆ ಎರಡನ್ನೂ ಸೇರಿಸುತ್ತಾರೆ. ಕಟ್ಟಡ ಹಳೆಯದಾದಷ್ಟು ಸವಕಳಿ ಕಳೆಯುತ್ತಾರೆ. ಅದರ ಒಂದು ಭಾಗವನ್ನು ತೆರಿಗೆಗೆ ಒಳಪಡುವ ಮೌಲ್ಯ ಅಂತ ಹಿಡಿದು, ಮನೆಗೆ ಒಂದು ದರ, ವಾಣಿಜ್ಯಕ್ಕೆ ಒಂದು, ಖಾಲಿ ನಿವೇಶನಕ್ಕೆ ಒಂದು ದರ ಹಾಕುತ್ತಾರೆ. ಕಾನೂನು ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಅಂತ ಮಾತ್ರ ಹೇಳುತ್ತದೆ. ಆ ಎರಡರ ನಡುವೆ ನಿಮ್ಮ ಊರಿಗೆ ಎಷ್ಟು ಅನ್ನುವುದನ್ನು ಕೌನ್ಸಿಲ್ ತೀರ್ಮಾನಿಸುತ್ತದೆ. ಅಂದರೆ ನೀವು ಆರಿಸಿ ಕಳಿಸಿದ 23 ಜನ ಸದಸ್ಯರು. ಆ ಸಭೆಯ ದಿನ ಸಾರ್ವಜನಿಕರು ಹೋಗಿ ಕೂತದ್ದನ್ನು ನನ್ನ ಸರ್ವೀಸಿನಲ್ಲಿ ನೋಡಿಲ್ಲ.

ಹಿಂದೆ ಮೂರು ವರ್ಷಕ್ಕೊಮ್ಮೆ ಒಮ್ಮೆಗೇ ಶೇ 15ರಿಂದ 30ರಷ್ಟು ಏರಿಸುತ್ತಿದ್ದರು. 2021ರ ತಿದ್ದುಪಡಿಯ ನಂತರ ವರ್ಷವರ್ಷ ಶೇ 3ರಿಂದ 5ರ ತನಕ ಏರುತ್ತದೆ. ಚಲನ್ ಪ್ರತಿ ವರ್ಷ ಸ್ವಲ್ಪ ಜಾಸ್ತಿ ಕಾಣುವುದಕ್ಕೆ ಕಾರಣ ಇದು. ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ. ಮೇ, ಜೂನ್ ದಂಡವಿಲ್ಲ. ಜುಲೈನಿಂದ ತಿಂಗಳಿಗೆ ಶೇ 2 ದಂಡ.

ಈಗ ಖರ್ಚಿಗೆ ಬನ್ನಿ. ಎಸ್‌ಎಫ್‌ಸಿ ಅನುದಾನ ದೊಡ್ಡದಾಗಿ ಕಾಣುತ್ತದೆ, ಆದರೆ ಅದು ಬರುವಾಗಲೇ ಹೆಸರು ಅಂಟಿಸಿಕೊಂಡು ಬರುತ್ತದೆ. ವೇತನ ಅನುದಾನ ಸಂಬಳಕ್ಕೆ. ವಿದ್ಯುತ್ ಅನುದಾನ ಬೀದಿದೀಪ ಮತ್ತು ನೀರಿನ ಪಂಪಿನ ಬಿಲ್ಲಿಗೆ. 15ನೇ ಹಣಕಾಸು ಆಯೋಗ ಕೊಟ್ಟ ದುಡ್ಡಿನಲ್ಲಿ ದೊಡ್ಡ ಪಾಲು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಅಂತ ಕಟ್ಟುಪಾಡು. ಕೌನ್ಸಿಲ್ ತನ್ನ ಇಷ್ಟದಂತೆ ಒಂದು ಕೆಲಸ ಎತ್ತಿಕೊಳ್ಳಬೇಕು ಅಂದರೆ ಉಳಿಯುವುದು ನಿಮ್ಮ ತೆರಿಗೆಯ ದುಡ್ಡು, ಬಾಡಿಗೆ, ಮುಕ್ತನಿಧಿ (ಇಂಥದ್ದಕ್ಕೇ ಅಂತ ಕಟ್ಟುಪಾಡಿಲ್ಲದ ಅನುದಾನ) ಇಷ್ಟೇ. ಅದರಲ್ಲೂ ಶೇ 24.10 ಪರಿಶಿಷ್ಟ ಜಾತಿ, ಪಂಗಡದ ಕಲ್ಯಾಣಕ್ಕೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲಿಡಬೇಕು. ಇದು ಸರಿಯಾದ ನಿಯಮ, ಬದಲಿಸಬೇಕಾದ್ದಿಲ್ಲ. ಬಳಸದೆ ಬ್ಯಾಂಕಿನಲ್ಲಿ ಕೊಳೆಯಲು ಬಿಡುವುದು ತಪ್ಪು.

ಉಳಿದದ್ದರಲ್ಲಿ ಹೊರಗುತ್ತಿಗೆ ಕೆಲಸಗಾರರು, ಕಸದ ಗಾಡಿ ಡೀಸೆಲ್, ಮೋಟಾರ್ ರಿವೈಂಡಿಂಗ್, ಪೈಪ್‌ಲೈನ್ ರಿಪೇರಿ. ಚರಂಡಿ ಹೂಳೂ ಇದರಲ್ಲೇ ಬರಬೇಕು.

ಆದ್ದರಿಂದ ಅಂಗಡಿಸಾಲಿನವರ ಮಾತು ಒಪ್ಪಲಾರೆ. ನೀವು ಕಟ್ಟುವುದು ನಿಲ್ಲಿಸಿದರೆ ಸಂಬಳ ನಿಲ್ಲುವುದಿಲ್ಲ, ದೊಡ್ಡ ಕಾಮಗಾರಿ ನಿಲ್ಲುವುದಿಲ್ಲ. ನಿಲ್ಲುವುದು ಹೂಳು, ಬಲ್ಬು, ಶೌಚಾಲಯ. ನಿಮಗೆ ಬೇಕಾದದ್ದೇ ಮೊದಲು ನಿಲ್ಲುತ್ತದೆ.

ಕೋಟೆಬೀದಿ:

ಸರ್, ತುಂಬಾ ಧನ್ಯವಾದ. ಈಗ ಪುಸ್ತಕ ಬೇರೆ ಥರ ಕಾಣುತ್ತಿದೆ. ಒಂದು ವಿಷಯ ಇನ್ನೂ ಹೊಳೆಯುತ್ತಿಲ್ಲ. ಪುರಸಭೆಗಳು ಅನುದಾನದ ಮೇಲೆ ಇಷ್ಟು ನಿಂತಿರುವುದು ಯಾಕೆ? ಹಿಂದಿನಿಂದಲೂ ಹೀಗೇನಾ?

ನಿವೃತ್ತ ಕಂದಾಯ ನಿರೀಕ್ಷಕ:

ಹೀಗಿರಲಿಲ್ಲ. ಆಕ್ಟ್ರಾಯ್ ಇತ್ತು. ಊರೊಳಗೆ ಬರುವ ಸರಕಿನ ಮೇಲೆ ನಾಕಾದಲ್ಲಿ ವಸೂಲಿ. ನಗದು ದಿನಾ ಬರುತ್ತಿತ್ತು. ಲಾರಿಗಳು ಸಾಲುಗಟ್ಟಿ ನಿಲ್ಲುವ ಪದ್ಧತಿ ಅದು, ಕಿರುಕುಳವೂ ಇತ್ತು. 1979ರಲ್ಲಿ ರಾಜ್ಯ ಸರ್ಕಾರ ಅದನ್ನು ತೆಗೆದುಹಾಕಿತು. ಬದಲಿಗೆ ಪರಿಹಾರ ಅನುದಾನ ಬಂತು. ಊರು ತಾನೇ ದುಡಿಯುತ್ತಿದ್ದ ದೊಡ್ಡ ಆದಾಯ ಹೋಗಿ, ಮೇಲಿನವರು ಕೊಡುವುದನ್ನು ಕಾಯುವ ಸ್ಥಿತಿ ಅಲ್ಲಿಂದ ಗಟ್ಟಿಯಾಯಿತು.

1993ರ ಜೂನ್ 1ರಂದು ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂತು. 12ನೇ ಅನುಸೂಚಿಯಲ್ಲಿ 18 ಕೆಲಸಗಳನ್ನು ನಗರ ಸಂಸ್ಥೆಗಳದ್ದು ಅಂತ ಪಟ್ಟಿ ಮಾಡಿತು. ಕೆಲಸ ಪಟ್ಟಿ ಮಾಡಿತು, ದುಡ್ಡಿನ ಮೂಲವನ್ನು ಮಾತ್ರ ರಾಜ್ಯಗಳಿಗೆ ಬಿಟ್ಟಿತು. ನಮ್ಮ ಕೈಯಲ್ಲಿ ಉಳಿದ ದೊಡ್ಡ ತೆರಿಗೆ ಅಂದರೆ ಆಸ್ತಿ ತೆರಿಗೆ ಒಂದೇ. ಅದನ್ನೂ ಕೇಂದ್ರ ಸರ್ಕಾರದ ಆಸ್ತಿಗಳ ಮೇಲೆ ಹಾಕುವಂತಿಲ್ಲ, ಸಂವಿಧಾನದ 285ನೇ ವಿಧಿ ಬಿಡುವುದಿಲ್ಲ. ಸೇವಾ ಶುಲ್ಕ ಅಂತ ಒಪ್ಪಂದ ಮಾಡಿಕೊಂಡು ಸ್ವಲ್ಪ ತಗೊಳ್ಳಬಹುದು, ಅಷ್ಟೇ.

ಇಡೀ ದೇಶದ ನಗರ ಸಂಸ್ಥೆಗಳ ಖರ್ಚು ಜಿಡಿಪಿಯ ಶೇ 1ರ ಆಸುಪಾಸಿನಲ್ಲೇ ನಿಂತಿದೆ ಅಂತ ರಿಸರ್ವ್ ಬ್ಯಾಂಕ್ 2022ರ ವರದಿಯಲ್ಲಿ ಬರೆದಿತ್ತು. ಬ್ರೆಜಿಲ್‌ನಲ್ಲಿ ಅದು ಶೇ 7ರಷ್ಟು.

ಪಶ್ಚಿಮ ಬೆಂಗಳೂರು:

ಬೆಂಗಳೂರಿನ ಲೆಕ್ಕವನ್ನೂ ಇಲ್ಲಿ ಸೇರಿಸುತ್ತೇನೆ. ಇಲ್ಲಿ 2008ರಿಂದ ಯೂನಿಟ್ ಏರಿಯಾ ಮೌಲ್ಯದ ಪದ್ಧತಿ. ಎ ಯಿಂದ ಎಫ್ ತನಕ ವಲಯಗಳು. ಚದರಡಿಗೆ ತಿಂಗಳಿಗೆ ಇಷ್ಟು ಅಂತ ದರ. ಸ್ವಂತ ವಾಸಕ್ಕೆ ಕಡಿಮೆ, ಬಾಡಿಗೆಗೆ ಕೊಟ್ಟರೆ ಜಾಸ್ತಿ. ದರ ಪರಿಷ್ಕರಣೆ ಆದದ್ದು 2016ರಲ್ಲಿ.

ಸುಮ್ನೆ ಲೆಕ್ಕ ತಿಳಿಯಲು, ಹೊಸ ಮನೆ, 1,000 ಚದರಡಿ, ದರ 2 ರೂಪಾಯಿ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 12 ತಿಂಗಳ ಬದಲು 10 ತಿಂಗಳು ಹಿಡಿಯುತ್ತಾರೆ. 20,000 ರೂಪಾಯಿ ಆಯಿತು. ಸವಕಳಿ ಬಿಟ್ಟು ನೋಡಿದರೆ ಮನೆಗೆ ಅದರ ಶೇ 20, ಅಂದರೆ 4,000 ತೆರಿಗೆ. ಅದರ ಮೇಲೆ ಶೇ 24 ಸೆಸ್, 960 ರೂಪಾಯಿ. ಆ 24ರಲ್ಲಿ ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷಾಟನೆ ನಿಷೇಧಕ್ಕೆ 3. 2025ರ ಏಪ್ರಿಲ್‌ನಿಂದ ಕಸದ ಶುಲ್ಕವೂ ಇದರ ಜೊತೆಗೇ ಬರುತ್ತಿದೆ. 600 ಚದರಡಿ ತನಕ ತಿಂಗಳಿಗೆ 10 ರೂಪಾಯಿ, 1,000 ತನಕ 50, 2,000 ತನಕ 100, ಹೀಗೆ ಏರುತ್ತಾ 4,000 ದಾಟಿದರೆ 400.

ಸೆಸ್ ವಿಷಯವನ್ನು ಜನ ಗಮನಿಸಬೇಕು. ಗ್ರಂಥಾಲಯದ ಹೆಸರಲ್ಲಿ ವಸೂಲಿ ಮಾಡಿದ ದುಡ್ಡು ಪಾಲಿಕೆಯದ್ದಲ್ಲ, ಗ್ರಂಥಾಲಯ ಇಲಾಖೆಗೆ ದಾಟಿಸಬೇಕು. ದೊಡ್ಡ ಮೊತ್ತ ವರ್ಷಗಟ್ಟಲೆ ಬಾಕಿ ಉಳಿದದ್ದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಕುರ್ಚಿ ಸಾಲದೆ ಮೆಟ್ಟಿಲ ಮೇಲೆ ಕೂರುತ್ತಾರೆ. ನಾನು ಕಟ್ಟಿದ ಶೇ 6 ಅವರಿಗೆ ಸೇರಬೇಕಾದ ದುಡ್ಡು. ನನಗೆ ಇದು ತುಂಬಾ ನೋವಿನ ವಿಷಯ.

ಇನ್ನೊಂದು. ನಿವೃತ್ತ ನಿರೀಕ್ಷಕರು ಕೌನ್ಸಿಲ್ ದರ ತೀರ್ಮಾನಿಸುತ್ತದೆ ಅಂದರು. ನಮಗೆ ಕೌನ್ಸಿಲ್ಲೇ ಇರಲಿಲ್ಲ. 2015ರಲ್ಲಿ ಆರಿಸಿದವರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲಿನ ಬಜೆಟ್‌ಗಳೆಲ್ಲ ಆಡಳಿತಾಧಿಕಾರಿಯ ಕೆಳಗೆ ಆದವು. 2025–26ರ ಬಿಬಿಎಂಪಿ ಬಜೆಟ್ ಸುಮಾರು 19,900 ಕೋಟಿ ರೂಪಾಯಿ. ಅಷ್ಟು ದುಡ್ಡಿನ ಬಗ್ಗೆ ಮತ ಹಾಕಲು ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಬದಲಿಗೆ ಐದು ಪಾಲಿಕೆ ಮಾಡಿದಾಗಲೂ ಚುನಾಯಿತರು ಇರಲಿಲ್ಲ. ಬೀದಿಯ ಗುಂಡಿ ಬಗ್ಗೆ ಹೇಳಲು ಶಾಸಕರ ಕಚೇರಿಗೆ ಹೋಗಬೇಕಾದ ಸ್ಥಿತಿ. ಶಾಸಕರ ಕೆಲಸವೇ ಬೇರೆ.

ಅಂಗಡಿಸಾಲು:

ನೋಡಿ, ಇದನ್ನೇ ನಾನು ಹೇಳಿದ್ದು. ಕೇಳುವವರೇ ಇಲ್ಲದ ಕಡೆ ಕಟ್ಟಿ ಏನು ಪ್ರಯೋಜನ? ನಮ್ಮ ಕಡೆ ಚುನಾವಣೆ ಆಯಿತು, ಸದಸ್ಯರೂ ಇದ್ದರು. ಅಧ್ಯಕ್ಷ ಸ್ಥಾನದ ಮೀಸಲಾತಿ ತಕರಾರು ಅಂತ ವರ್ಷಕ್ಕೂ ಹೆಚ್ಚು ಕಾಲ ಅಧ್ಯಕ್ಷರೇ ಇರಲಿಲ್ಲ. ಎಷ್ಟೋ ಪುರಸಭೆಗಳಲ್ಲಿ 2023ರಲ್ಲಿ ಅಧ್ಯಕ್ಷರ ಮೊದಲ ಅವಧಿ ಮುಗಿದು 2024ರ ಆಗಸ್ಟ್ ಬರುವ ತನಕ ಇದೇ ಕಥೆ. ಸದಸ್ಯರನ್ನು ಕೇಳಿದರೆ "ನಮಗೇ ಅಧಿಕಾರ ಇಲ್ಲಣ್ಣ" ಅಂತಾರೆ.

ಸರ್, ನೀವು ಹೇಳಿದ ಲೆಕ್ಕ ಅರ್ಥವಾಯಿತು. ಕಟ್ಟದಿದ್ದರೆ ನಮಗೇ ನಷ್ಟ ಅಂತ. ಆದರೆ ಕಟ್ಟಿದವನಿಗೆ ಸಿಗುವುದೇನು, ಕಟ್ಟದವನಿಗೆ ತಪ್ಪುವುದೇನು? ನಮ್ಮ ಬೀದಿಯಲ್ಲೇ ಒಂದು ದೊಡ್ಡ ಕಟ್ಟಡವಿದೆ. ಕೆಳಗೆ ಅಂಗಡಿ, ಮೇಲೆ ಮದುವೆ ಹಾಲ್. ದಾಖಲೆಯಲ್ಲಿ ಇನ್ನೂ ವಾಸದ ಮನೆ. ಇಡೀ ಊರಿಗೆ ಗೊತ್ತು.

ನಿವೃತ್ತ ಕಂದಾಯ ನಿರೀಕ್ಷಕ:

ಅಂಗಡಿಸಾಲಿನವರೇ, ಈ ಮಾತಿಗೆ ನನ್ನಲ್ಲಿ ಎದುರು ಉತ್ತರ ಇಲ್ಲ. ಸ್ವಯಂ ಘೋಷಣೆ ಪದ್ಧತಿಯ ದೊಡ್ಡ ತೂತು ಇದು. ಮಾಲೀಕ ಬರೆದುಕೊಟ್ಟದ್ದೇ ಲೆಕ್ಕ. ಪರಿಶೀಲಿಸಲು ಕಾನೂನಿನಲ್ಲಿ ಅವಕಾಶ ಇದೆ, ಮಾಡಲು ಸಿಬ್ಬಂದಿ ಇಲ್ಲ. ಒಬ್ಬ ಕರವಸೂಲಿಗಾರನಿಗೆ ಸಾವಿರಾರು ಆಸ್ತಿ. ಅವನನ್ನೇ ಚುನಾವಣೆ ಕೆಲಸಕ್ಕೂ ಹಾಕುತ್ತಾರೆ, ಗಣತಿಗೂ ಹಾಕುತ್ತಾರೆ. ದೊಡ್ಡವರ ಕಟ್ಟಡ ಅಳೆಯಲು ಹೋದರೆ ಫೋನು ಬರುತ್ತದೆ. ಆ ಫೋನು ಬಂದಾಗ ಅವನ ಬೆನ್ನಿಗೆ ಊರಿನವರು ಯಾರೂ ನಿಲ್ಲುವುದಿಲ್ಲ.

ಒಂದು ದಾಖಲೆಯ ಹೆಸರು ನೆನಪಿಡಿ. ಡಿಸಿಬಿ ತಃಖ್ತೆ. ಬೇಡಿಕೆ ಎಷ್ಟು, ವಸೂಲಿ ಎಷ್ಟು, ಬಾಕಿ ಎಷ್ಟು. ವಾರ್ಡ್‌ವಾರು ಇರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಮಾತಾಡಿ. ಬಾಕಿಯ ಬಹುಪಾಲು ಸಣ್ಣ ಮನೆಗಳದ್ದಾ, ದೊಡ್ಡ ಕಟ್ಟಡಗಳದ್ದಾ ಅನ್ನುವುದು ಗೊತ್ತಾಗುತ್ತದೆ.

ಕರಾವಳಿ ಸದಸ್ಯೆ:

ನಾನು ದಕ್ಷಿಣ ಕನ್ನಡದ ಒಂದು ಗ್ರಾಮ ಪಂಚಾಯಿತಿಯಲ್ಲಿ ಸದಸ್ಯೆಯಾಗಿದ್ದವಳು. ನಿಮ್ಮ ಪುರಸಭೆ ಮಾತಿಗೆ ಪಂಚಾಯಿತಿ ಕಡೆಯ ಅನುಭವ ಸೇರಿಸಲಾ?

ಪಂಚಾಯಿತಿಗೂ ಮನೆ ತೆರಿಗೆಯೇ ಸ್ವಂತ ಬಲ. ಹಣಕಾಸು ಆಯೋಗದ ಅನುದಾನ 2021ರಿಂದ 2026ರ ಅವಧಿಯಲ್ಲಿ ಶೇ 60 ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ ದುಡ್ಡು. ಒಂದು ಕಾಲುಸಂಕ ಮುರಿದುಬಿದ್ದರೆ, ಮಳೆಗಾಲದಲ್ಲಿ ಶಾಲೆಗೆ ಹೋಗುವ ದಾರಿ ಕುಸಿದರೆ, ತಕ್ಷಣ ಕೈ ಹಾಕಲು ಸಿಗುವುದು ಸ್ವಂತ ನಿಧಿ ಒಂದೇ. ಆಷಾಢದ ಮಳೆ ಅನುದಾನ ಬರಲಿ ಅಂತ ಕಾಯುವುದಿಲ್ಲ.

ನೀರುಗಂಟಿ, ಕರವಸೂಲಿಗಾರ, ಕಸದ ಗಾಡಿ ಓಡಿಸುವ ಸಂಘದ ಹೆಣ್ಣುಮಕ್ಕಳು, ಇವರ ದುಡ್ಡು ತಡವಾದಾಗ ಅವರ ಮುಖ ನೋಡುವುದು ಕಷ್ಟ. ಬೀದಿದೀಪ ಮತ್ತು ಪಂಪಿನ ಕರೆಂಟ್ ಬಿಲ್ ಬೇರೆ ಏರುತ್ತಲೇ ಇರುತ್ತದೆ.

ಆದರೆ ಪಂಚಾಯಿತಿಯಲ್ಲಿ ಒಂದು ಒಳ್ಳೆಯದಿದೆ. ಜಮಾಬಂದಿ. ವರ್ಷಕ್ಕೊಮ್ಮೆ, ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ, ಹಿಂದಿನ ವರ್ಷದ ಲೆಕ್ಕ ಮತ್ತು ಕಾಮಗಾರಿಗಳನ್ನು ಜನರ ಎದುರು ಇಡಬೇಕು. ಬೇರೆ ಇಲಾಖೆಯ ಅಧಿಕಾರಿ ಬಂದು ಪರಿಶೀಲಿಸುತ್ತಾರೆ. ಜನ ಬಂದರೆ ಅದು ನಿಜವಾದ ಪರೀಕ್ಷೆ. ನಮ್ಮಲ್ಲಿ ಒಂದು ವರ್ಷ ಸ್ತ್ರೀಶಕ್ತಿ ಸಂಘದವರು ಗುಂಪಾಗಿ ಬಂದು ಕೂತರು. ತೋಡಿನ ತಡೆಗೋಡೆಯ ಬಿಲ್ಲಿನಲ್ಲಿ ಬರೆದ ಉದ್ದವನ್ನು ಓದಿಸಿದರು. ಆಮೇಲೆ "ಹೋಗಿ ಅಳೆಯೋಣ ಬನ್ನಿ" ಅಂತ ಅಧಿಕಾರಿಯನ್ನು ಕರೆದುಕೊಂಡೇ ಹೊರಟರು. ಉದ್ದ ಕಡಿಮೆ ಬಂತು. ಗುತ್ತಿಗೆದಾರ ಉಳಿದ ಭಾಗ ಕಟ್ಟಿಸಿಕೊಟ್ಟ. ಆ ವರ್ಷ ಆ ವಾರ್ಡಿನ ಮನೆ ತೆರಿಗೆ ಕೇಳದೆಯೇ ಬಂತು.

ನಗರದವರಿಗೆ ಇಂಥ ಜಮಾಬಂದಿ ಯಾಕಿಲ್ಲ? ನನಗೆ ಈ ಪ್ರಶ್ನೆ ಯಾವಾಗಲೂ ಕಾಡುತ್ತದೆ.

ಕೋಟೆಬೀದಿ:

ಅಕ್ಕ, ಇದನ್ನು ಓದಿ ಮೈ ಜುಂ ಅಂದಿತು. ಅಳತೆ ಪುಸ್ತಕ (ಮಾಡಿದ ಕಾಮಗಾರಿಯ ಅಳತೆ ಬರೆದಿಡುವ ದಾಖಲೆ) ಕೇಳುವ ವಿಷಯ ನನ್ನ ತಲೆಗೆ ಬಂದಿರಲೇ ಇಲ್ಲ. ಪುರಸಭೆಯಲ್ಲೂ ಅದನ್ನು ಕೇಳಬಹುದಲ್ವಾ?

ನಿವೃತ್ತ ಕಂದಾಯ ನಿರೀಕ್ಷಕ:

ಧಾರಾಳವಾಗಿ. ಬಿಲ್ ಪಾವತಿಯಾದ ಪ್ರತಿ ಕಾಮಗಾರಿಗೂ ಅಳತೆ ಪುಸ್ತಕ ಇರಲೇಬೇಕು.

ಹೊಸ ಬಡಾವಣೆ:

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮದು ಕಂದಾಯ ನಿವೇಶನ. ಬಡಾವಣೆಗೆ ಅನುಮೋದನೆ ಆಗಿಲ್ಲ. 2025ರಲ್ಲಿ ಸರ್ಕಾರ ಅಭಿಯಾನ ಮಾಡಿದಾಗ ಬಿ ಖಾತೆ (ಅನುಮೋದನೆ ಇಲ್ಲದ ಆಸ್ತಿಗೆ ಕೊಡುವ ಖಾತೆ) ಮಾಡಿಸಿಕೊಂಡೆವು. ಈಗ ತೆರಿಗೆ ಕಟ್ಟುತ್ತಿದ್ದೇವೆ. ಆದರೂ ರಸ್ತೆ, ಚರಂಡಿ ಕೇಳಿದರೆ "ನಿಮ್ಮದು ಅನಧಿಕೃತ ಬಡಾವಣೆ" ಅನ್ನುತ್ತಾರೆ. ದುಡ್ಡು ತಗೊಳ್ಳುವಾಗ ಅಧಿಕೃತ, ಕೆಲಸ ಕೇಳಿದರೆ ಅನಧಿಕೃತ. ಇದು ನ್ಯಾಯನಾ?

ನಿವೃತ್ತ ಕಂದಾಯ ನಿರೀಕ್ಷಕ:

ಕಾನೂನಿನ ಪ್ರಕಾರ ತೆರಿಗೆ ಕಟ್ಟಿದ ಮಾತ್ರಕ್ಕೆ ಬಡಾವಣೆ ಸಕ್ರಮ ಆಗುವುದಿಲ್ಲ. ಆದರೆ ಕುಡಿಯುವ ನೀರು, ಕಸ, ದೀಪ ಇವು ಜನ ವಾಸಿಸುವ ಕಡೆ ಕೊಡಬೇಕಾದದ್ದು. ನಿಮ್ಮ ಬಡಾವಣೆಯಿಂದ ಒಟ್ಟು ಎಷ್ಟು ತೆರಿಗೆ ಹೋಗುತ್ತಿದೆ ಅಂತ ಮೊದಲು ತಿಳಿದುಕೊಳ್ಳಿ. ಆ ಅಂಕಿ ಇಟ್ಟುಕೊಂಡು ಬಜೆಟ್ ಪೂರ್ವಭಾವಿ ಸಭೆಗೆ ಹೋಗಿ. ಒಬ್ಬೊಬ್ಬರೇ ಹೋಗಿ ಜಗಳ ಆಡಿದರೆ ಕೆಲಸ ಆಗಲ್ಲ.

ಬರ್ಮಿಂಗ್‌ಹ್ಯಾಮ್ ಕನ್ನಡಿಗ:

ದೂರದಿಂದ ಓದುತ್ತಿದ್ದೆ. ನಾನು ಇರುವ ಊರಿನ ಕಥೆ ಈ ಚರ್ಚೆಗೆ ಸಂಬಂಧಿಸಿದ್ದು, ಅದಕ್ಕೇ ಬರೆಯುತ್ತೇನೆ. ಇಲ್ಲಿ ಕೌನ್ಸಿಲ್ ಟ್ಯಾಕ್ಸ್ ಅಂತ ಇದೆ. ಎ ಯಿಂದ ಎಚ್ ತನಕ ಎಂಟು ಪಟ್ಟಿ. ಮನೆ ಯಾವ ಪಟ್ಟಿಗೆ ಬರುತ್ತದೆ ಅನ್ನುವುದನ್ನು ಇವತ್ತಿಗೂ 1991ರ ಬೆಲೆಯ ಮೇಲೇ ನೋಡುತ್ತಾರೆ. ಮೂವತ್ತು ವರ್ಷ ದಾಟಿದರೂ ಇಂಗ್ಲೆಂಡಿನಲ್ಲಿ ಮರುಮೌಲ್ಯಮಾಪನಕ್ಕೆ ಯಾವ ಸರ್ಕಾರವೂ ಕೈ ಹಾಕಿಲ್ಲ. ಅಂದರೆ ಇಲ್ಲೂ ಎಲ್ಲ ಸರಿ ಇದೆ ಅಂತ ಯಾರೂ ತಿಳಿಯಬೇಡಿ.

2023ರ ಸೆಪ್ಟೆಂಬರ್ 5ರಂದು ನಮ್ಮ ಸಿಟಿ ಕೌನ್ಸಿಲ್ 114ನೇ ಕಲಮಿನ ನೋಟಿಸ್ ಹೊರಡಿಸಿತು. ಕೈಯಲ್ಲಿ ದುಡ್ಡಿಲ್ಲ, ಕಾನೂನು ಕಡ್ಡಾಯ ಮಾಡಿದ ಕೆಲಸ ಬಿಟ್ಟು ಹೊಸ ಖರ್ಚು ಮಾಡುವುದಿಲ್ಲ ಅನ್ನುವ ಘೋಷಣೆ ಅದು. ಹೆಣ್ಣು ನೌಕರರಿಗೆ ವರ್ಷಗಳ ಕಾಲ ಕಡಿಮೆ ಸಂಬಳ ಕೊಟ್ಟಿದ್ದರ ಪರಿಹಾರ ಒಂದು ಕಾರಣ. ಹೊಸ ಲೆಕ್ಕಪತ್ರದ ತಂತ್ರಾಂಶ ಕೈಕೊಟ್ಟು ಖರ್ಚು ಏರಿದ್ದು ಇನ್ನೊಂದು. ಸಾಮಾನ್ಯವಾಗಿ ದೊಡ್ಡ ಕೌನ್ಸಿಲ್‌ಗಳು ಶೇ 5 ಮುಟ್ಟುವಂತೆ ತೆರಿಗೆ ಏರಿಸಬೇಕಾದರೆ ಜನಮತ ಕೇಳಬೇಕು. ನಮ್ಮ ಊರಿಗೆ ವಿಶೇಷ ಅನುಮತಿ ಕೊಟ್ಟರು. 2024ರಲ್ಲಿ ಶೇ 9.99, ಮುಂದಿನ ವರ್ಷ ಶೇ 7.49 ಏರಿತು. 2025ರ ಮಾರ್ಚ್‌ನಲ್ಲಿ ಕಸ ಎತ್ತುವವರ ಅನಿರ್ದಿಷ್ಟ ಮುಷ್ಕರ ಶುರುವಾಗಿ ಬೀದಿಯಲ್ಲಿ ಕಸದ ರಾಶಿ ಬಿದ್ದಿತ್ತು.

ಇಲ್ಲಿ ನನಗೆ ಇಷ್ಟವಾದ ಎರಡು ವಿಷಯ ಹೇಳುತ್ತೇನೆ. ಬಿಲ್ಲಿನಲ್ಲೇ ಕೌನ್ಸಿಲ್‌ಗೆ ಎಷ್ಟು, ಪೊಲೀಸ್‌ಗೆ ಎಷ್ಟು, ಅಗ್ನಿಶಾಮಕಕ್ಕೆ ಎಷ್ಟು ಅಂತ ಬಿಡಿಸಿ ಬರೆದಿರುತ್ತಾರೆ. ಇನ್ನೊಂದು, ತೆರಿಗೆ ಕಟ್ಟುವವನು ಮನೆಯಲ್ಲಿ ವಾಸಿಸುವವನು. ಬಾಡಿಗೆದಾರನೂ ಕಟ್ಟುತ್ತಾನೆ. ಹಾಗಾಗಿ ಬಾಡಿಗೆದಾರನೂ ಸಭೆಗೆ ಹೋಗಿ ಕೇಳುತ್ತಾನೆ. ನಮ್ಮ ಊರುಗಳಲ್ಲಿ ಬಾಡಿಗೆಯವರು "ಅದು ಓನರ್ ವಿಷಯ" ಅಂತ ಸುಮ್ಮನಾಗುತ್ತಾರೆ. ಬೆಂಗಳೂರಿನಲ್ಲಿ ಎಷ್ಟು ಜನ ಬಾಡಿಗೆಗಿದ್ದಾರೆ, ಯೋಚನೆ ಮಾಡಿ. ಅಷ್ಟೂ ಜನರ ದನಿ ಈ ಲೆಕ್ಕದಲ್ಲಿ ಇಲ್ಲ.

ಪಶ್ಚಿಮ ಬೆಂಗಳೂರು:

ಇದು ಸರಿಯಾದ ಮಾತು. ಬಾಡಿಗೆಯವರೂ ಬಾಡಿಗೆಯ ಒಳಗೆ ಈ ತೆರಿಗೆಯನ್ನು ಕಟ್ಟುತ್ತಲೇ ಇದ್ದಾರೆ. ರಸೀದಿ ಮಾತ್ರ ಅವರ ಹೆಸರಿನಲ್ಲಿಲ್ಲ. ವಾರ್ಡ್ ಸಮಿತಿ ಸಭೆಗೆ ಬಾಡಿಗೆಯವರನ್ನು ಕರೆದರೆ "ನಾವು ಬರಬಹುದಾ?" ಅಂತ ಕೇಳುತ್ತಾರೆ. ಬರಬಹುದು. ಬರಬೇಕು.

ಲೆಕ್ಕಪತ್ರ ಮೇಷ್ಟ್ರು:

ಒಂದು ಮುಖ್ಯ ದಾಖಲೆ ಯಾರೂ ಹೇಳಿಲ್ಲ. ಆಡಿಟ್ ವರದಿ. ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ ಸ್ಥಳೀಯ ಸಂಸ್ಥೆಗಳ ಲೆಕ್ಕ ನೋಡಿ ಆಕ್ಷೇಪಣೆ ಬರೆಯುತ್ತದೆ. ಬಜೆಟ್ ಅಂದರೆ ಮುಂದೆ ಮಾಡುತ್ತೇವೆ ಅನ್ನುವುದು. ಆಡಿಟ್ ಅಂದರೆ ಮಾಡಿದ್ದು. ಜನ ಬಜೆಟ್ ಸುದ್ದಿ ಓದುತ್ತಾರೆ, ಆಡಿಟ್ ಓದುವುದಿಲ್ಲ.

ನಮ್ಮ ಪುರಸಭೆಗಳಿಗೆ 2006ರಲ್ಲೇ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ಬಂದಿವೆ. ಜಮಾ ಖರ್ಚಿನ ಹಳೇ ಪದ್ಧತಿ ಬಿಟ್ಟು ಜೋಡಿ ನಮೂದಿನ ಲೆಕ್ಕ ಬಂತು. ಆಸ್ತಿ ಎಷ್ಟು, ಸಾಲ ಎಷ್ಟು, ಬಾಕಿ ಎಷ್ಟು ಎಲ್ಲ ಕಾಣಬೇಕು. 15ನೇ ಹಣಕಾಸು ಆಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಲೆಕ್ಕಪತ್ರವನ್ನು ಆನ್‌ಲೈನ್‌ನಲ್ಲಿ ಹಾಕದ, ಆಸ್ತಿ ತೆರಿಗೆಗೆ ಕನಿಷ್ಠ ದರ ಗೊತ್ತುಮಾಡದ ರಾಜ್ಯದ ನಗರ ಸಂಸ್ಥೆಗಳಿಗೆ ಅನುದಾನ ಇಲ್ಲ ಅಂತ ಷರತ್ತು ಹಾಕಿತು. ಹಾಗಾಗಿ ಲೆಕ್ಕ ತಯಾರಾಗುತ್ತದೆ. ಆದರೆ ಅದನ್ನು ತೆರೆದು ನೋಡುವವರು ಊರಿಗೆ ಒಬ್ಬರೂ ಇಲ್ಲ. ನಾನು ಪಿಯುಸಿ ಮಕ್ಕಳಿಗೆ ಲೆಕ್ಕಶಾಸ್ತ್ರ ಹೇಳುತ್ತೇನೆ. ಈ ವರ್ಷ ಪಠ್ಯದ ಕಂಪನಿ ಲೆಕ್ಕದ ಜೊತೆಗೆ ನಮ್ಮ ಪುರಸಭೆಯ ಲೆಕ್ಕವನ್ನೂ ಕೊಟ್ಟು ಓದಿಸುತ್ತಿದ್ದೇನೆ. ಮಕ್ಕಳು ಮೊದಲು ಹುಡುಕಿದ್ದು ಕಸದ ಖರ್ಚು. ಎರಡನೆಯದು ಅವರು ಆಡುವ ಮೈದಾನದ ಖರ್ಚು. ಅದರ ಮುಂದೆ ಸೊನ್ನೆ ಇತ್ತು. ಈಗ ಅವರೇ ಮುಖ್ಯಾಧಿಕಾರಿಗೆ ಪತ್ರ ಬರೆಯುತ್ತಿದ್ದಾರೆ.

ಅಂಗಡಿಸಾಲು:

ಮೇಷ್ಟ್ರೇ, ನಿಮ್ಮ ಮಕ್ಕಳ ಕೆಲಸ ಖುಷಿ ಕೊಟ್ಟಿತು.

ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ, ಅದನ್ನು ಹೇಳಿಬಿಡುತ್ತೇನೆ. ಆದರೂ ನಮ್ಮ ವರ್ತಕರ ಸಂಘದಲ್ಲಿ ಈ ವಿಷಯ ಇಟ್ಟೆ. ತೆರಿಗೆ ನಿಲ್ಲಿಸುವ ಬದಲು ಹೀಗೆ ಮಾಡೋಣ ಅಂತ ಮಾತಾಗಿದೆ. ಎಲ್ಲ ಅಂಗಡಿಯವರ ರಸೀದಿಗಳನ್ನು ಒಟ್ಟು ಸೇರಿಸುವುದು. ಒಂದು ಬೀದಿಯಿಂದ ವರ್ಷಕ್ಕೆ ಇಷ್ಟು ಕೊಟ್ಟಿದ್ದೇವೆ ಅಂತ ಮೊತ್ತ ತೆಗೆಯುವುದು. ಬಜೆಟ್ ಪೂರ್ವಭಾವಿ ಸಭೆಗೆ ಹೋಗಿ ಮಹಿಳೆಯರ ಶೌಚಾಲಯ ಒಂದನ್ನೇ ಕೇಳುವುದು. ಹತ್ತು ಬೇಡಿಕೆ ಇಟ್ಟರೆ ಒಂದೂ ಆಗಲ್ಲ. ಆ ಸಭೆ ಯಾವಾಗ ಕರೆಯುತ್ತಾರೆ ಸರ್?

ನಿವೃತ್ತ ಕಂದಾಯ ನಿರೀಕ್ಷಕ:

ಹಣಕಾಸು ವರ್ಷ ಮುಗಿಯುವ ಮೊದಲು ಬಜೆಟ್ ಆಗಬೇಕು. ಅದಕ್ಕಿಂತ ಮುಂಚೆ ಚಳಿಗಾಲದಲ್ಲೇ ಪೂರ್ವಭಾವಿ ಸಭೆಗಳು ನಡೆಯುತ್ತವೆ. ಪ್ರಕಟಣೆ ಪುರಸಭೆ ನೋಟಿಸ್ ಬೋರ್ಡಿನಲ್ಲಿ, ಸ್ಥಳೀಯ ಪತ್ರಿಕೆಯ ಮೂಲೆಯಲ್ಲಿ ಬರುತ್ತದೆ. ನವೆಂಬರ್‌ನಿಂದಲೇ ಕಣ್ಣಿಡಿ. ಹೋಗುವಾಗ ಜಾಗ ತೋರಿಸಿ, ಪುರಸಭೆಯದ್ದೇ ಜಾಗ ಆಗಿರಲಿ. ಶೌಚಾಲಯ ಕಟ್ಟುವುದು ಸುಲಭ, ನಡೆಸುವುದು ಕಷ್ಟ. ನೀರು, ಸ್ವಚ್ಛತೆ ನೋಡಿಕೊಳ್ಳುವವರ ಸಂಬಳ ಪ್ರತಿ ವರ್ಷದ ಬಜೆಟ್‌ನಲ್ಲಿ ಇರಬೇಕು ಅಂತ ಆಗಲೇ ಬರೆಸಿಕೊಳ್ಳಿ. ಇಲ್ಲದಿದ್ದರೆ ಉದ್ಘಾಟನೆ ಆಗಿ ಬೀಗ ಬೀಳುತ್ತದೆ.

ಕೋಟೆಬೀದಿ:

ಎಲ್ಲರಿಗೂ ಧನ್ಯವಾದ. ನಾನು ಮಾಹಿತಿ ಹಕ್ಕಿನ ಅರ್ಜಿ ಬರೆದಿದ್ದೇನೆ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ ಅಂತ ಗೊತ್ತಿದೆ. ಇದು ಹೇಗಿದೆ ನೋಡಿ:

"ನಮ್ಮ ಪುರಸಭೆಯು ಹಿಂದಿನ ಹಣಕಾಸು ವರ್ಷದಲ್ಲಿ ಸ್ವಂತ ನಿಧಿಯಿಂದ ಮಾಡಿದ ಎಲ್ಲ ಖರ್ಚುಗಳ ವಿವರ, ಅವು ಸರಿಯಾಗಿ ಆಗಿವೆಯೇ ಎಂಬ ಮಾಹಿತಿ, ಹಾಗೂ ನಮ್ಮ ವಾರ್ಡಿನ ಚರಂಡಿ ಹೂಳು ಏಕೆ ತೆಗೆದಿಲ್ಲ ಎಂಬುದಕ್ಕೆ ಕಾರಣ ನೀಡಬೇಕು."

ನಿವೃತ್ತ ಕಂದಾಯ ನಿರೀಕ್ಷಕ:

ಹೀಗೆ ಬರೆದರೆ ತಿರಸ್ಕರಿಸಲು ದಾರಿ ಮಾಡಿಕೊಟ್ಟ ಹಾಗೆ. "ಸರಿಯಾಗಿ ಆಗಿವೆಯೇ", "ಏಕೆ" ಅಂತ ಅಭಿಪ್ರಾಯ ಕೇಳಬೇಡಿ. ದಾಖಲೆಯ ಹೆಸರು ಹೇಳಿ ಪ್ರತಿ ಕೇಳಿ. ಹೀಗೆ ಬರೆಯಿರಿ:

"ಹಿಂದಿನ ಹಣಕಾಸು ವರ್ಷದಲ್ಲಿ ವಾರ್ಡ್ ಸಂಖ್ಯೆ ಇಂಥದ್ದರಲ್ಲಿ ಪುರಸಭೆ ನಿಧಿಯಿಂದ ಕೈಗೊಂಡ ಚರಂಡಿ ಸ್ವಚ್ಛತೆ ಮತ್ತು ದುರಸ್ತಿ ಕಾಮಗಾರಿಗಳ ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿತ ಪುಟಗಳು ಮತ್ತು ಪಾವತಿ ವೋಚರ್‌ಗಳ ದೃಢೀಕೃತ ಪ್ರತಿ ನೀಡಬೇಕು."

ಇದು ಒಂದೇ ವಿಷಯ. ವಾರ್ಡ್‌ವಾರು ಡಿಸಿಬಿ ತಃಖ್ತೆಗೆ ಇನ್ನೊಂದು ಅರ್ಜಿ. ಆಡಿಟ್ ವರದಿಗೆ ಮತ್ತೊಂದು. ಉತ್ತರಕ್ಕೆ 30 ದಿನ ಅವಕಾಶ. ಪ್ರತಿಗೆ ಪುಟಕ್ಕೆ 2 ರೂಪಾಯಿ ಕೇಳುತ್ತಾರೆ, ಕಟ್ಟಿ. ದಾಖಲೆ ಬಂದ ಮೇಲೆ ನಿಮ್ಮ ವಾರ್ಡ್ ಸದಸ್ಯರನ್ನೂ ಕರೆದು ಅವರ ಎದುರಿಗೇ ಟೇಪು ಹಿಡಿಯಿರಿ. ಅವರನ್ನು ಬಿಟ್ಟು ಮಾಡಬೇಡಿ, ಕೌನ್ಸಿಲ್ ಸಭೆಯಲ್ಲಿ ಈ ವಿಷಯ ಎತ್ತಬೇಕಾದವರು ಅವರೇ.

ಕೋಟೆಬೀದಿ:

ಸರಿ ಸರ್. ಮೂರೂ ಅರ್ಜಿಗಳನ್ನು ಬೇರೆ ಬೇರೆ ಬರೆದು ಸೋಮವಾರ ಕೊಡುತ್ತೇನೆ. ದಾಖಲೆ ಸಿಕ್ಕ ಕೂಡಲೇ ಪುಟಗಳನ್ನು ಇಲ್ಲೇ ಹಾಕುತ್ತೇನೆ. ಮೇಷ್ಟ್ರೇ, ಆಡಿಟ್ ಪುಟಗಳನ್ನು ಓದಿ ಹೇಳಲು ನಿಮ್ಮ ಮಕ್ಕಳ ಸಹಾಯ ಬೇಕಾಗುತ್ತದೆ.

ಲೆಕ್ಕಪತ್ರ ಮೇಷ್ಟ್ರು:

ಖಂಡಿತ. ಪರೀಕ್ಷೆಗೆ ಮೊದಲು ಕಳಿಸಿ.